ಬಡಗಿ ಜಾನ್ ಹ್ಯಾರಿಸನ್ನನೂ ಸರಕಾರದ ಸಹಾಯಧನವೂ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲವು ವರ್ಷ ಕುಳಿತವನಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುತ್ತದೆ. ನಡೆಯುತ್ತಿರುವ ಅಂಗಡಿಗೆ ಸಾಲ ಕೊಡುವುದು ಸುಲಭ. ಇನ್ನೂ ಹುಟ್ಟದ ಯಂತ್ರಕ್ಕೆ ಹಣ ಕೊಡುವುದು ಬಹಳ ಕಷ್ಟ. ಸಣ್ಣ ಕಾರಖಾನೆಯವನೊಬ್ಬನು ಬಂದು, ತಾನು ಹೊಸದೊಂದು ಯುಕ್ತಿಯನ್ನು ಕಂಡುಹಿಡಿಯುತ್ತಿದ್ದೇನೆ, ಎರಡು ವರ್ಷ ಪ್ರಯೋಗ ಮಾಡಬೇಕು, ಸಫಲವಾಗುವುದೋ ಇಲ್ಲವೋ ದೇವರಿಗೇ ಗೊತ್ತು ಎಂದರೆ, ನಾವು ಯಾವ ಅಡವನ್ನು ಹಿಡಿಯಬೇಕು? ಯಾವ ಕಂತನ್ನು ಕಟ್ಟಿಸಬೇಕು? ಆದುದರಿಂದಲೇ ಇಂಥ ಕೆಲಸಕ್ಕೆ ಸರಕಾರವೇ ಮುಂದೆ ಬರಬೇಕಾಯಿತು. ಅಮೆರಿಕವು 1982ರಲ್ಲಿ ಸಣ್ಣ ಉದ್ಯಮಗಳ ಸಂಶೋಧನೆಗೆ ಹಣವನ್ನು ತೆಗೆದಿರಿಸಲು ಪ್ರತ್ಯೇಕ ಕಾನೂನನ್ನೇ ಮಾಡಿತು. ನಮ್ಮ ಕೇಂದ್ರ ಸರಕಾರವು 2012ರಲ್ಲಿ ಜೈವಿಕ ತಂತ್ರಜ್ಞಾನಕ್ಕೆಂದು ಬೈರಾಕ್ ಎಂಬ ಸಂಸ್ಥೆಯನ್ನು ಕಟ್ಟಿತು. ಕರ್ನಾಟಕ ಸರಕಾರ 2017ರಲ್ಲಿ ಎಲಿವೇಟ್ ಎಂಬ ಯೋಜನೆಯನ್ನು ಆರಂಭಿಸಿತು. ಇವೆಲ್ಲ ನಮ್ಮ ಕಾಲದ ಹೊಸ ವಿಚಾರಗಳೆಂದೇ ನಾನು ನಂಬಿದ್ದೆ. ಜಾನ್ ಹ್ಯಾರಿಸನ್ನನ ಚರಿತ್ರೆಯನ್ನು ಓದಿದ ಮೇಲೆ ಆ ನಂಬಿಕೆ ಹೋಯಿತು. ಕಂತು, ಕರಾರು, ಪರೀಕ್ಷೆ, ವರದಿ, ತಕರಾರು, ಇವೆಲ್ಲವೂ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ನಡೆದುಹೋಗಿವೆ.

ಹ್ಯಾರಿಸನ್ನನು 1693ರಲ್ಲಿ ಇಂಗ್ಲೆಂಡದ ಯಾರ್ಕ್‌ಷೈರಿನ ಫೌಲ್ಬಿ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಬಡಗಿ. ಹುಡುಗನು ಚಿಕ್ಕವನಿದ್ದಾಗಲೇ ಕುಟುಂಬವು ಲಿಂಕನ್‌ಷೈರಿನ ಬ್ಯಾರೋ ಎಂಬ ಊರಿಗೆ ಹೋಗಿ ನೆಲಸಿತು. ಶಾಲೆ ಕಲಿತದ್ದು ಅತ್ಯಲ್ಪ. ಉಳಿ, ಬಾಚಿ, ಗರಗಸಗಳೇ ಅವನ ಗುರುಗಳು. ಊರಿಗೆ ಬರುತ್ತಿದ್ದ ಪಾದ್ರಿಯೊಬ್ಬನು ಕೇಂಬ್ರಿಜ್‌ನ ಅಂಧ ಗಣಿತಜ್ಞ ಸಾಂಡರ್ಸನ್ನನ ಉಪನ್ಯಾಸಗಳ ಹಸ್ತಪ್ರತಿಯನ್ನು ಓದಲು ಕೊಟ್ಟನಂತೆ. ಹುಡುಗನು ಅದನ್ನು ಚಿತ್ರಸಹಿತವಾಗಿ ಅಕ್ಷರ ಬಿಡದೆ ನಕಲು ಮಾಡಿಕೊಂಡನು. ಅಷ್ಟೇ ಅವನ ವಿಶ್ವವಿದ್ಯಾಲಯ.

ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅವನು ಒಂದು ಲೋಲಕದ ಗಡಿಯಾರವನ್ನು ಕಟ್ಟಿದನು. ಗಾಲಿಗಳು ಮರದವು. ಬಡಗಿಗೆ ಗೊತ್ತಿದ್ದ ವಸ್ತು ಮರ. ಅವನು ಅದರಿಂದಲೇ ಮಾಡಿದನು. ಮುಂದೆ ಬ್ರಾಕಲ್ಸ್‌ಬಿಯ ಶ್ರೀಮಂತನೊಬ್ಬನ ಲಾಯದ ಗೋಪುರಕ್ಕೆ ಮಾಡಿಕೊಟ್ಟ ಗಡಿಯಾರದಲ್ಲಿ ಲಿಗ್ನಮ್ ವೈಟೆ ಎಂಬ ಮರವನ್ನು ಬಳಸಿದನು. ಆ ಮರದಲ್ಲಿ ಸ್ವಾಭಾವಿಕವಾಗಿಯೇ ಜಿಡ್ಡಿರುತ್ತದೆ. ಆದುದರಿಂದ ಗಡಿಯಾರಕ್ಕೆ ಎಣ್ಣೆಯೇ ಬೇಡ. ಅಂದಿನ ಎಣ್ಣೆಗಳು ಚಳಿಗೆ ಹೆಪ್ಪುಗಟ್ಟಿ, ಸೆಕೆಗೆ ತೆಳುವಾಗಿ ಗಡಿಯಾರಗಳನ್ನು ಕೆಡಿಸುತ್ತಿದ್ದವು. ರೋಗದ ಮೂಲವನ್ನೇ ತೆಗೆದುಹಾಕಿದ ಮೇಲೆ ಔಷಧಿ ಏಕೆ? ತಮ್ಮನಾದ ಜೇಮ್ಸ್‌ನೊಡನೆ ಸೇರಿ ಹಿತ್ತಾಳೆ ಉಕ್ಕುಗಳ ಸಲಾಕೆಗಳನ್ನು ಜೋಡಿಸಿ, ಬಿಸಿಲು ಚಳಿಗಳಿಗೆ ಉದ್ದ ಬದಲಾಗದ ಲೋಲಕವನ್ನೂ ಮಾಡಿದನು. ಹಳ್ಳಿಯ ಈ ಸೋದರರ ಗಡಿಯಾರ ತಿಂಗಳಿಗೆ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲವೆಂದು ಹೇಳುತ್ತಾರೆ. ಲಂಡನ್ನಿನ ದೊಡ್ಡ ದೊಡ್ಡ ಗಡಿಯಾರಗಾರರಿಗೂ ಅಂದು ಅದು ಎಟುಕದ ಮಾತಾಗಿತ್ತು.

ಇಲ್ಲಿ ರೇಖಾಂಶದ ಸಮಸ್ಯೆಯನ್ನು ಸ್ವಲ್ಪ ಹೇಳಲೇಬೇಕು. ಹಡಗಿನವನಿಗೆ ತಾನು ಎಷ್ಟು ಉತ್ತರಕ್ಕಿದ್ದೇನೆಂಬುದು ಸೂರ್ಯನ ಅಥವಾ ಧ್ರುವನಕ್ಷತ್ರದ ಎತ್ತರದಿಂದ ತಿಳಿಯುತ್ತದೆ. ಎಷ್ಟು ಪೂರ್ವಕ್ಕೆ, ಎಷ್ಟು ಪಶ್ಚಿಮಕ್ಕೆ ಎಂಬುದು ಹಾಗೆ ತಿಳಿಯದು. ಅದಕ್ಕೆ ಎರಡು ವೇಳೆಗಳು ಬೇಕು. ತಾನಿರುವ ಸ್ಥಳದ ವೇಳೆ ಮತ್ತು ಹೊರಟ ಬಂದರಿನ ವೇಳೆ. ಮುಂಬಯಿಯಲ್ಲಿ ನೆಲಸಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. 1955ರ ತನಕ ಈ ನಗರದಲ್ಲಿ ಮುಂಬಯಿ ವೇಳೆ ಬೇರೆ, ಭಾರತದ ವೇಳೆ ಬೇರೆ. ಎರಡಕ್ಕೂ 39 ನಿಮಿಷಗಳ ಅಂತರ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಲೆಕ್ಕ ಹಾಕಿದರೆ, ಭಾರತದ ವೇಳೆಯ ರೇಖೆಗೆ ಮುಂಬಯಿಯು ಸುಮಾರು ಒಂಬತ್ತೂ ಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆಯೆಂದು ಮನೆಯಲ್ಲಿ ಕುಳಿತೇ ಹೇಳಬಹುದು. ನಡುಕಡಲಿನಲ್ಲಿರುವವನೂ ಇದೇ ಲೆಕ್ಕವನ್ನು ಮಾಡಬಲ್ಲನು. ಆದರೆ ಬಂದರಿನ ವೇಳೆಯನ್ನು ತಪ್ಪದೆ ಕಾಪಾಡುವ ಗಡಿಯಾರ ಅವನ ಬಳಿ ಇರಬೇಕಲ್ಲ! ತೂಗಾಡುವ ಹಡಗಿನಲ್ಲಿ ಲೋಲಕ ನಡೆಯದು. ಆಗಿನ ಕಿಸೆಗಡಿಯಾರಗಳೋ ದಿನಕ್ಕೆ ನಿಮಿಷಗಟ್ಟಲೆ ತಪ್ಪುತ್ತಿದ್ದವು.

ಇದರ ಫಲವಾಗಿ ಹಡಗುಗಳು ಬಂಡೆಗೆ ಬಡಿಯುತ್ತಿದ್ದವು. 1707ರ ಅಕ್ಟೋಬರಿನಲ್ಲಿ ಅಡ್ಮಿರಲ್ ಷವೆಲ್ಲನ ನಾಲ್ಕು ಯುದ್ಧನೌಕೆಗಳು ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಅಪ್ಪಳಿಸಿ ಸಾವಿರಾರು ಜನ ಮುಳುಗಿದರು. ಏಳು ವರ್ಷಗಳ ನಂತರ, 1714ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ರೇಖಾಂಶ ಕಾಯದೆಯನ್ನು ಮಾಡಿತು. ಅರ್ಧ ಡಿಗ್ರಿಯೊಳಗೆ ರೇಖಾಂಶವನ್ನು ತಿಳಿಸಿಕೊಟ್ಟವನಿಗೆ 20,000 ಪೌಂಡು. ಮುಕ್ಕಾಲಿಗೆ ಸ್ವಲ್ಪ ಕಡಮೆಯಾದ ಮೂರನೆಯ ಎರಡಂಶ ಡಿಗ್ರಿಗೆ 15,000. ಒಂದು ಡಿಗ್ರಿಗೆ 10,000. ರಾಜ ಖಗೋಳಜ್ಞನಿಗೆ ಆಗ ವರ್ಷದ ಸಂಬಳ ನೂರು ಪೌಂಡು ಎಂಬುದನ್ನು ನೆನೆದರೆ ಬಹುಮಾನದ ಗಾತ್ರ ತಿಳಿದೀತು. ಎಲ್ಲರೂ ಈ ಬಹುಮಾನದ ಮಾತನ್ನೇ ಆಡುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಅದೇ ಕಾಯದೆಯ ಇನ್ನೊಂದು ಕಲಮು. ಆಶಾದಾಯಕವೆಂದು ತೋರಿದ ಯೋಜನೆಗಳ ಪ್ರಯೋಗಕ್ಕಾಗಿ ಮುಂಗಡವಾಗಿ 2,000 ಪೌಂಡುಗಳವರೆಗೆ ಕೊಡಲು ರೇಖಾಂಶ ಮಂಡಲಿಗೆ ಅದು ಅಧಿಕಾರ ಕೊಟ್ಟಿತ್ತು. ಬಹುಮಾನವು ಗೆದ್ದವನಿಗೆ, ಈ ಹಣ ಇನ್ನೂ ಗೆಲ್ಲದವನಿಗೆ. ಬಡಗಿಯೊಬ್ಬನು ನಲವತ್ತು ವರ್ಷ ಗಡಿಯಾರದ ಮುಂದೆ ಕೂರಬೇಕಾದರೆ ಅನ್ನ ಬರುವುದು ಎರಡನೆಯದರಿಂದ.

1730ರ ಸುಮಾರಿಗೆ ಹ್ಯಾರಿಸನ್ನನು ತನ್ನ ನಕ್ಷೆಗಳನ್ನು ಕಟ್ಟಿಕೊಂಡು ಲಂಡನ್ನಿಗೆ ಬಂದನು. ಮಂಡಲಿಯಿತ್ತು, ಆದರೆ ಹದಿನಾರು ವರ್ಷಗಳಲ್ಲಿ ಅದು ಒಮ್ಮೆಯೂ ಸಭೆ ಸೇರಿರಲಿಲ್ಲ! ಬಂದ ಅರ್ಜಿಗಳೆಲ್ಲ ಹುಚ್ಚರವೆಂದು ಸದಸ್ಯರು ತಿಳಿದಿದ್ದರು. ಹ್ಯಾರಿಸನ್ನನು ಗ್ರೀನಿಚ್ಚಿಗೆ ಹೋಗಿ ರಾಜ ಖಗೋಳಜ್ಞ ಹ್ಯಾಲಿಯನ್ನು ಕಂಡನು. ಹ್ಯಾಲಿಯು ಅವನನ್ನು ಜಾರ್ಜ್ ಗ್ರಹಾಮನೆಂಬ ಪ್ರಸಿದ್ಧ ಗಡಿಯಾರಗಾರನ ಬಳಿಗೆ ಕಳುಹಿದನು. ಬೆಳಗ್ಗೆ ಹತ್ತಕ್ಕೆ ಆರಂಭವಾದ ಅವರ ಮಾತು ರಾತ್ರಿ ಎಂಟಾದರೂ ಮುಗಿಯಲಿಲ್ಲವಂತೆ. ಕೊನೆಗೆ ಗ್ರಹಾಮನು ಬಡ್ಡಿಯಿಲ್ಲದೆ, ಮರಳಿಸುವ ಅವಸರವಿಲ್ಲದೆ ಹಣ ಕೊಟ್ಟು ಕಳುಹಿಸಿದನು. ತನ್ನದೇ ವೃತ್ತಿಯ ಪ್ರತಿಸ್ಪರ್ಧಿಗೆ, ಜಾಮೀನೂ ಇಲ್ಲದೆ! ನಮ್ಮ ಬ್ಯಾಂಕಿನ ಯಾವ ಫಾರಮಿನಲ್ಲಿಯೂ ಇಂಥ ಸಾಲಕ್ಕೆ ಒಂದು ಕಾಲಮು ಇಲ್ಲ.

ಐದು ವರ್ಷಗಳಲ್ಲಿ ಮೊದಲನೆಯ ಕಡಲ ಗಡಿಯಾರ ಸಿದ್ಧವಾಯಿತು. ತೂಕ 34 ಕಿಲೋ. ಹಿತ್ತಾಳೆಯ ತೂಗುಭುಜಗಳು, ಸ್ಪ್ರಿಂಗುಗಳು, ಮರದ ಗಾಲಿಗಳು. ಲೋಲಕವಿಲ್ಲ, ಒಂದಕ್ಕೊಂದು ಎದುರಾಗಿ ತೂಗುವ ಎರಡು ಭುಜಗಳು ಹಡಗಿನ ಓಲಾಟವನ್ನು ಪರಸ್ಪರ ಕಳೆದುಬಿಡುತ್ತಿದ್ದವು. 1736ರಲ್ಲಿ ಅದನ್ನು ಲಿಸ್ಬನ್ನಿಗೆ ಒಯ್ದು ತಂದರು. ಮರಳುವಾಗ ಅಧಿಕಾರಿಗಳು ಕಂಡ ನೆಲವನ್ನು ಸ್ಟಾರ್ಟ್ ಭೂಶಿರವೆಂದರು. ಹ್ಯಾರಿಸನ್ನನು ಅದು ಲಿಜರ್ಡ್ ಎಂದನು. ಲಿಜರ್ಡೇ ಆಗಿತ್ತು. ಸುಮಾರು ಅರವತ್ತು ಮೈಲಿಗಳ ತಪ್ಪನ್ನು ಬಡಗಿಯ ಗಡಿಯಾರ ತಿದ್ದಿತು.

1737ರ ಜೂನ್ 30ರಂದು ರೇಖಾಂಶ ಮಂಡಲಿ ಮೊದಲ ಬಾರಿಗೆ ಸಭೆ ಸೇರಿತು. ಹ್ಯಾರಿಸನ್ನನು ಅಲ್ಲಿ ನಡೆದುಕೊಂಡ ರೀತಿಯನ್ನು ಓದಿದಾಗ ನನಗೆ ನಗೆಯೂ ಬಂತು, ಗೌರವವೂ ಹುಟ್ಟಿತು. ವೆಸ್ಟ್ ಇಂಡೀಸಿಗೆ ಪರೀಕ್ಷಾಯಾತ್ರೆಯನ್ನು ಬೇಡಿ ಬಹುಮಾನಕ್ಕೆ ಕೈಯೊಡ್ಡುವ ಬದಲು, ಅವನು ತನ್ನ ಗಡಿಯಾರದ ದೋಷಗಳನ್ನು ತಾನೇ ಎಣಿಸಿ ಹೇಳತೊಡಗಿದನು! ಇನ್ನೂ ಚಿಕ್ಕದಾದ, ಇನ್ನೂ ಚೆನ್ನಾದದ್ದನ್ನು ಎರಡು ವರ್ಷಗಳಲ್ಲಿ ಮಾಡುವೆನೆಂದನು. ಮಂಡಲಿಯು 500 ಪೌಂಡುಗಳನ್ನು ಮಂಜೂರು ಮಾಡಿತು. ಅರ್ಧ ತಕ್ಷಣ, ಇನ್ನರ್ಧ ಯಂತ್ರವು ಮುಗಿದು ಹಡಗಿನ ಕಪ್ತಾನನ ಕೈಸೇರಿದಾಗ. ಕರಾರು ಒಂದೇ: ಪ್ರಯೋಗದ ನಂತರ ಹೊಸ ಯಂತ್ರವೂ ಹಳೆಯ ಯಂತ್ರವೂ ಸಾರ್ವಜನಿಕ ಸ್ವತ್ತಾಗಬೇಕು. ಇಂದಿಗೂ ಸಂಶೋಧನೆಯ ಸಹಾಯಧನದ ಪತ್ರವೊಂದು ನಮ್ಮ ಮೇಜಿಗೆ ಬಂದರೆ ಅದರ ಎಲುಬುಗೂಡು ಇದೇ. ಮೊದಲ ಕಂತು, ಕೆಲಸದ ಸಾಕ್ಷ್ಯ, ಎರಡನೆಯ ಕಂತು.

ಎರಡನೆಯ ಗಡಿಯಾರ ಸಿದ್ಧವಾಯಿತು, ಆದರೆ ಕಡಲನ್ನು ಕಾಣಲಿಲ್ಲ. ಸ್ಪೇನಿನೊಡನೆ ಯುದ್ಧ ಹತ್ತಿತ್ತು. ಶತ್ರುವಿನ ಕೈಗೆ ಅದು ಸಿಕ್ಕೀತೆಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ ಹ್ಯಾರಿಸನ್ನನಿಗೇ ಅದರ ಭುಜಗಳಲ್ಲಿ ಮೂಲಭೂತ ದೋಷ ಕಂಡಿತ್ತು. 1741ರಲ್ಲಿ ಮತ್ತೆ 500 ಪೌಂಡು ಪಡೆದು ಮೂರನೆಯದಕ್ಕೆ ಕೈಹಾಕಿದನು. ಅದಕ್ಕೆ ಹಿಡಿದ ಕಾಲ ಹತ್ತೊಂಬತ್ತು ವರ್ಷ! ಬಿಡಿಭಾಗಗಳು 753. ಮಂಡಲಿಯು 1746ರಲ್ಲಿ ಪುನಃ 500 ಕೊಟ್ಟಿತು, ಆಮೇಲೂ ಕೊಡುತ್ತ ಬಂದಿತು. ಗಡುವು ಮೀರಿದ ಕಡತಗಳನ್ನು ನೋಡಿ ನಮ್ಮ ಮೇನೇಜರು ಹುಬ್ಬು ಗಂಟಿಕ್ಕುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡು ವರ್ಷವೆಂದು ಹೇಳಿ ಇಪ್ಪತ್ತು ವರ್ಷ ಮಾಡಿದವನ ಕಡತವನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ. ಆದರೂ ಆ ವರ್ಷಗಳು ವ್ಯರ್ಥವಾಗಲಿಲ್ಲ. ಎರಡು ಲೋಹಗಳ ಪಟ್ಟಿಯನ್ನು ಬೆಸೆದು ಶಾಖಕ್ಕೆ ಬಾಗುವಂತೆ ಮಾಡಿದ ಅವನ ಯುಕ್ತಿಯ ವಂಶವೇ ಮುಂದೆ ಶಾಖನಿಯಂತ್ರಕಗಳಲ್ಲಿ ಬಂದಿತು. ಘರ್ಷಣೆ ತಪ್ಪಿಸಲು ಪಂಜರದೊಳಗೆ ಉರುಳೆಗಳನ್ನಿಟ್ಟ ಬೇರಿಂಗೂ ಅವನದೇ. ಬೇಕಾದ ಗಡಿಯಾರವಂತೂ ಬರಲಿಲ್ಲ. ಬೇಕೆಂದು ಯಾರೂ ಕೇಳದಿದ್ದ ಎರಡು ವಸ್ತುಗಳು ಬಂದವು.

ಈ ನಡುವೆ 1753ರಲ್ಲಿ ಜೆಫ್ರಿಸ್ ಎಂಬ ಕುಶಲಿಯಿಂದ ಸ್ವಂತ ಉಪಯೋಗಕ್ಕೆ ತನ್ನ ವಿಧಾನದಂತೆ ಒಂದು ಕಿಸೆಗಡಿಯಾರ ಮಾಡಿಸಿಕೊಂಡನು. ಅದು ನಿರೀಕ್ಷೆ ಮೀರಿ ಚೆನ್ನಾಗಿ ನಡೆಯಿತು. ದೊಡ್ಡದೇ ಸ್ಥಿರವೆಂದು ಇಪ್ಪತ್ತೈದು ವರ್ಷ ನಂಬಿದ್ದವನಿಗೆ ಕಣ್ಣು ತೆರೆಯಿತು. ಸಣ್ಣದಾಗಿ, ಬಿರುಸಾಗಿ ತೂಗುವ ಚಕ್ರವೇ ಕಡಲಿಗೆ ತಕ್ಕುದು! ಅರವತ್ತು ದಾಟಿದ ಮನುಷ್ಯನು ತನ್ನ ಅರ್ಧ ಆಯುಸ್ಸಿನ ದಾರಿಯನ್ನು ಬಿಟ್ಟು ಹೊಸ ದಾರಿ ಹಿಡಿಯುವುದು ಸಾಮಾನ್ಯವಲ್ಲ. 1759ರಲ್ಲಿ ನಾಲ್ಕನೆಯದು ಮುಗಿಯಿತು. ಅಂಗೈಗಿಂತ ಸ್ವಲ್ಪ ದೊಡ್ಡದು, 13 ಸೆಂಟಿಮೀಟರು ಅಡ್ಡಳತೆ, ಒಂದೂವರೆ ಕಿಲೋಗೆ ಕಡಮೆ ತೂಕ. ಒಳಗೆ ವಜ್ರ, ಮಾಣಿಕ್ಯದ ಚೂರುಗಳು.

1761ರ ನವಂಬರಿನಲ್ಲಿ ಮಗನಾದ ವಿಲಿಯಂ ಅದನ್ನು ತೆಗೆದುಕೊಂಡು ಡೆಪ್ಟ್‌ಫರ್ಡ್ ಎಂಬ ಹಡಗಿನಲ್ಲಿ ಜಮೈಕಕ್ಕೆ ಹೊರಟನು. ಮೊದಲೇ ಗೊತ್ತುಮಾಡಿದ್ದ ದಿನದಿನದ ಹಿಂಜರಿತವನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ, 81 ದಿನಗಳಲ್ಲಿ ಗಡಿಯಾರ ತಪ್ಪಿದ್ದು ಕೇವಲ ಐದು ಸೆಕೆಂಡು. ಅರ್ಧ ಡಿಗ್ರಿಗೆ ಎರಡು ನಿಮಿಷಗಳ ಅವಕಾಶವಿತ್ತು! ತಂದೆ ಮಕ್ಕಳು ಬಹುಮಾನವನ್ನು ಎದುರುನೋಡಿದರು. ಮಂಡಲಿಯು ತಲೆಯಾಡಿಸಿತು. ಜಮೈಕದ ನಿಜವಾದ ರೇಖಾಂಶವೇ ಸರಿಯಾಗಿ ಗೊತ್ತಿಲ್ಲ. ಆ ಹಿಂಜರಿತದ ಲೆಕ್ಕವನ್ನು ಮುಂಚಿತವಾಗಿ ಮಂಡಲಿಗೆ ಬರೆದುಕೊಟ್ಟಿಲ್ಲ. ಒಮ್ಮೆ ಆದದ್ದು ಅದೃಷ್ಟವೂ ಆಗಿರಬಹುದು. 1764ರಲ್ಲಿ ಬಾರ್ಬಡೋಸಿಗೆ ಎರಡನೆಯ ಯಾತ್ರೆ. ಈ ಸಲ 47 ದಿನಗಳಿಗೆ 39 ಸೆಕೆಂಡು. ಕಾಯದೆ ಬೇಡಿದ್ದಕ್ಕಿಂತ ಮೂರು ಪಟ್ಟು ನಿಖರ. ಅಲ್ಲಿ ನಕ್ಷತ್ರಗಳನ್ನು ನೋಡಿ ತಾಳೆ ಹಾಕಲು ಹೋಗಿದ್ದವನು ನೆವಿಲ್ ಮ್ಯಾಸ್ಕಲೀನ್, ಚಂದ್ರನ ಚಲನೆಯಿಂದ ರೇಖಾಂಶ ತಿಳಿಯುವ ಪ್ರತಿಸ್ಪರ್ಧಿ ಪದ್ಧತಿಯ ಪುರಸ್ಕರ್ತ. 1765ರಲ್ಲಿ ಅವನೇ ರಾಜ ಖಗೋಳಜ್ಞನಾಗಿ ಮಂಡಲಿಯಲ್ಲಿ ಬಂದು ಕುಳಿತನು.

ಅದೇ ವರ್ಷ ಹೊಸ ಕಾಯದೆ ಬಂತು. ಗಡಿಯಾರವನ್ನು ಬಿಚ್ಚಿ ರಹಸ್ಯವನ್ನೆಲ್ಲ ತಿಳಿಸಿ, ನಾಲ್ಕೂ ಯಂತ್ರಗಳನ್ನು ಒಪ್ಪಿಸಿದರೆ ಬಹುಮಾನದ ಅರ್ಧ. ಇತರರೂ ಅಂಥದನ್ನು ಮಾಡಬಲ್ಲರೆಂದು ತೋರಿಸಿದ ಮೇಲೆ ಇನ್ನರ್ಧ. ಮುದುಕನು ಕೆರಳಿದನು. ಆದರೂ ಆಗಸ್ಟಿನಲ್ಲಿ ರೆಡ್ ಲಯನ್ ಚೌಕದ ತನ್ನ ಮನೆಯಲ್ಲಿ, ಮಂಡಲಿಯವರೂ ಗಡಿಯಾರಗಾರರೂ ನೋಡುತ್ತಿರಲು, ಬಿಚ್ಚಿ ತೋರಿಸಿದನು. ಹಿಂದೆ ಪಡೆದಿದ್ದ 2,500 ಕಳೆದು 7,500 ಪೌಂಡು ಕೈಸೇರಿತು. ಮರುವರ್ಷ ಮ್ಯಾಸ್ಕಲೀನನು ಬಂದು ಹಳೆಯ ಮೂರು ಯಂತ್ರಗಳನ್ನು ಸಾಗಿಸುವಾಗ ಮೊದಲನೆಯದು ಕೆಳಗೆ ಬಿತ್ತು. ಮೂವತ್ತು ವರ್ಷಗಳ ಶ್ರಮ ಬಿರುಸು ಗಾಡಿಯಲ್ಲಿ ಕುಲುಕುತ್ತ ಗ್ರೀನಿಚ್ಚಿಗೆ ಹೋಯಿತು.

ಬಹಳ ಮಂದಿ ಲೇಖಕರು ಇಲ್ಲಿ ಮಂಡಲಿಯನ್ನು ಖಳನಾಯಕನ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಪ್ರಜೆಗಳ ಹಣವನ್ನು ಕೊಡುವವರು, ಒಬ್ಬನ ಕೈಯಲ್ಲಿ ಮಾತ್ರ ನಡೆಯುವ ಒಂದೇ ಒಂದು ಗಡಿಯಾರವನ್ನು ಕೊಂಡು ನೌಕಾಪಡೆಗೆ ಏನು ಪ್ರಯೋಜನವೆಂದು ಕೇಳಿದ್ದು ನ್ಯಾಯ. ವಿದ್ಯೆ ಅವನೊಡನೆ ಮಣ್ಣಾದರೆ? ಚಂದ್ರನ ಪದ್ಧತಿಯೂ ಬೂಟಾಟಿಕೆಯಾಗಿರಲಿಲ್ಲ. ಅದರ ಕೋಷ್ಟಕಗಳನ್ನು ರಚಿಸಿ ತೀರಿಕೊಂಡಿದ್ದ ಟೊಬಿಯಾಸ್ ಮಾಯರನ ವಿಧವೆಗೆ ಅದೇ 1765ರಲ್ಲಿ 3,000 ಪೌಂಡು ಸಂದಿತು, ಮ್ಯಾಸ್ಕಲೀನನ ನಾವಿಕ ಪಂಚಾಂಗವು ಅನೇಕ ಹಡಗುಗಳನ್ನು ಕಾಪಾಡಿತು. ಆದರೆ ಕರಾರನ್ನು ಪರೀಕ್ಷೆಗೆ ಮೊದಲು ಬರೆಯಬೇಕಾಗಿತ್ತು. 1714ರ ಕಾಯದೆಯಲ್ಲಿ ನಕಲಿನ ಮಾತು ಸ್ಪಷ್ಟವಾಗಿರಲಿಲ್ಲ. ಅವನು ಹಳೆಯ ಕರಾರಿನಂತೆ ಓಡಿ ಗುರಿ ಮುಟ್ಟಿದ ಮೇಲೆ ಗುರಿಯ ಕಂಬವನ್ನು ಕಿತ್ತು ಮುಂದೆ ನೆಟ್ಟರು. ಪ್ರತಿಸ್ಪರ್ಧಿಯನ್ನೇ ಪರೀಕ್ಷಕನನ್ನಾಗಿ ಮಾಡಿದ್ದು ಇನ್ನೂ ದೊಡ್ಡ ತಪ್ಪು. ವಿಚಿತ್ರವೆಂದರೆ, ಏನೂ ಸಾಧಿಸದಿದ್ದಾಗ ಇಪ್ಪತ್ತು ವರ್ಷ ತಾಳ್ಮೆಯಿಂದ ಕಂತು ಕೊಟ್ಟ ಅದೇ ಮಂಡಲಿ, ಸಾಧಿಸಿ ತಂದಾಗ ಕೈ ಬಿಗಿಹಿಡಿಯಿತು. ಹ್ಯಾರಿಸನ್ನನ ಸ್ವಭಾವವೂ ಸಹಾಯಕವಾಗಿರಲಿಲ್ಲ. ಅವನ ಬರವಣಿಗೆ ಅರ್ಥವಾಗದಷ್ಟು ತೊಡಕು, ಮಾತು ಒರಟು. ಅರ್ಜಿ ಬರೆಯುವ ಕಲೆ ಅವನಿಗೆ ಕಡೆಯವರೆಗೂ ಬರಲಿಲ್ಲ.

ಮಂಡಲಿಯು ಲಾರ್ಕಮ್ ಕೆಂಡಾಲ್ ಎಂಬುವನಿಗೆ 450 ಪೌಂಡು ಕೊಟ್ಟು ನಾಲ್ಕನೆಯದರ ನಕಲನ್ನು ಮಾಡಿಸಿತು. 1769ರಲ್ಲಿ ಅದು ಮುಗಿಯಿತು, ಅಂದರೆ ಇತರರೂ ಮಾಡಬಲ್ಲರೆಂಬುದು ಸಿದ್ಧವಾಯಿತು. ಆದರೂ ಉಳಿದರ್ಧ ಬರಲಿಲ್ಲ. ಹ್ಯಾರಿಸನ್ನನೇ ಇನ್ನೆರಡನ್ನು ಮಾಡಿಕೊಡಬೇಕೆಂದು ಹೇಳಿದರು. ಮಾದರಿಯಾಗಿ ನೋಡಲು ನಾಲ್ಕನೆಯದನ್ನೂ ಮರಳಿ ಕೊಡಲಿಲ್ಲ. ಎಪ್ಪತ್ತು ದಾಟಿ ಕಣ್ಣು ಮಂಜಾದವನು ಮಗನೊಡನೆ ಕೂತು ಐದನೆಯದನ್ನು ಮಾಡಿದನು. ಆರನೆಯದಕ್ಕೆ ಆಯುಸ್ಸು ಸಾಲದೆಂದು ಕಂಡಾಗ, 1772ರಲ್ಲಿ ವಿಲಿಯಂ ದೊರೆ ಮೂರನೆಯ ಜಾರ್ಜನಿಗೆ ಮೊರೆಯಿಟ್ಟನು. ದೊರೆಗೆ ಖಗೋಳದಲ್ಲಿ ಆಸಕ್ತಿ; ರಿಚ್‌ಮಂಡಿನಲ್ಲಿ ಸ್ವಂತ ವೀಕ್ಷಣಾಲಯವಿತ್ತು. ಅಲ್ಲಿ ಹತ್ತು ವಾರ ತಾನೇ ಮುಂದೆ ನಿಂತು ಗಡಿಯಾರವನ್ನು ಪರೀಕ್ಷಿಸಿದನು. ತಪ್ಪು ದಿನಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ. ದೊರೆಯ ಬೆಂಬಲದಿಂದ ಅರ್ಜಿ ಪಾರ್ಲಿಮೆಂಟಿಗೆ ಹೋಗಿ, 1773ರಲ್ಲಿ 8,750 ಪೌಂಡು ಮಂಜೂರಾಯಿತು. ಇದು ಪಾರ್ಲಿಮೆಂಟಿನ ಕೊಡುಗೆ. ರೇಖಾಂಶ ಮಂಡಲಿಯ ಪೂರ್ಣ ಬಹುಮಾನ ಅವನಿಗೂ ಸಲ್ಲಲಿಲ್ಲ, ಅವನ ನಂತರ ಬೇರಾರಿಗೂ ಸಲ್ಲಲಿಲ್ಲ. ಕಂತುಗಳನ್ನೆಲ್ಲ ಸೇರಿಸಿದರೆ ಜೀವಮಾನದಲ್ಲಿ ಅವನಿಗೆ ಬಂದದ್ದು 23,000 ಪೌಂಡುಗಳಿಗೂ ಸ್ವಲ್ಪ ಹೆಚ್ಚು. ಮೊತ್ತದ ದೃಷ್ಟಿಯಿಂದ ಮೋಸವಾಯಿತೆಂದು ಹೇಳುವಂತಿಲ್ಲ. ಅವನಿಗೆ ಬೇಕಾಗಿದ್ದುದು ಗೆದ್ದೆಯೆಂಬ ಒಂದು ಕಾಗದ. ಅದಕ್ಕೆ ಖಾತೆಯಲ್ಲಿ ಜಮೆಯಾಗುವ ದಾರಿ ಇರಲಿಲ್ಲ.

ಕೆಂಡಾಲನ ನಕಲನ್ನು ಕಪ್ತಾನ ಕುಕ್ ತನ್ನ ಎರಡನೆಯ ಯಾತ್ರೆಗೆ ಒಯ್ದಿದ್ದನು. ಮೂರು ವರ್ಷ, ಉಷ್ಣವಲಯದಿಂದ ದಕ್ಷಿಣದ ಹಿಮದವರೆಗೆ ಸುತ್ತಿ 1775ರಲ್ಲಿ ಮರಳಿದಾಗ ಅದನ್ನು ಮನಸಾರೆ ಹೊಗಳಿದನು. ಹ್ಯಾರಿಸನ್ನನು ಆಗ ಜೀವಂತನಾಗಿದ್ದನು. 1776ರ ಮಾರ್ಚ್ 24ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ರೆಡ್ ಲಯನ್ ಚೌಕದ ಮನೆಯಲ್ಲೇ ತೀರಿಕೊಂಡನು. ಅನಂತರ ಅರ್ನಾಲ್ಡ್, ಅರ್ನ್‌ಷಾ ಎಂಬವರು ಅಗ್ಗವಾಗಿ, ಸರಳವಾಗಿ ಕಡಲ ಗಡಿಯಾರಗಳನ್ನು ಮಾಡಿದರು. ಅವರ ಲೆಕ್ಕಕ್ಕೂ ಮಂಡಲಿ ಮೂರು ಮೂರು ಸಾವಿರ ಪೌಂಡು ಕೊಟ್ಟಿತು. 1828ರಲ್ಲಿ ಮಂಡಲಿಯನ್ನೇ ಮುಚ್ಚಿದರು.

ಗ್ರೀನಿಚ್ಚಿನ ಮೂಲೆಯಲ್ಲಿ ಬಿದ್ದಿದ್ದ ಹ್ಯಾರಿಸನ್ನನ ಯಂತ್ರಗಳಿಗೆ ಕಿಲುಬು ಹಿಡಿದಿತ್ತು. 1920ರಲ್ಲಿ ರೂಪರ್ಟ್ ಗೂಲ್ಡ್ ಎಂಬ ನೌಕಾ ಅಧಿಕಾರಿ ಅವನ್ನು ಕಂಡು, ಸಂಬಳವಿಲ್ಲದೆ ತಾನೇ ಕುಳಿತು ತಿಕ್ಕಿ ಜೋಡಿಸತೊಡಗಿದನು. ಹದಿಮೂರು ವರ್ಷ ಹಿಡಿಯಿತು. ಮೊದಲ ಮೂರು ಗ್ರೀನಿಚ್ಚಿನಲ್ಲಿ ಮತ್ತೆ ನಡೆಯುವಂತಾದವು. ನಾಲ್ಕನೆಯದಕ್ಕೆ ಮಾತ್ರ ಎಣ್ಣೆ ಬೇಕು, ಎಣ್ಣೆ ಹಾಕಿ ನಡೆಸಿದರೆ ಸವೆಯುತ್ತದೆ. ಆದುದರಿಂದ ಅದಕ್ಕೆ ಕೀಲಿ ಕೊಡದೆ ಗಾಜಿನೊಳಗೆ ಇಟ್ಟಿದ್ದಾರೆ.